ಮೆಂತೇಪಲ್ಲೆಯ ಕೆಳಗಿನ ತತ್ತಿಗಳು

ಮೆಂತೇಪಲ್ಲೆಯ ಕಟ್ಟು ಬಿಚ್ಚಿದರೆ ಈಗಲೂ ನನಗೆ ತತ್ತಿಯ ವಾಸನೆ ಬರುತ್ತದೆ. ಪಲ್ಲೆ ಎಷ್ಟೇ ಎಳೆಯದಿರಲಿ, ಹಸಿಮಣ್ಣಿನ ವಾಸನೆಯ ಹಿಂದೆಯೇ ಆ ಇನ್ನೊಂದು, ತಣ್ಣಗೆ ಗಂಟಲಿಗೆ ಅಂಟಿಕೊಳ್ಳುವ ವಾಸನೆ ಬಂದು ನಿಲ್ಲುತ್ತದೆ. ಸೋಸಲು ಕೂತವಳು ಎದ್ದು ಕೈ ತೊಳೆದು ಬರುತ್ತೇನೆ. ಮಕ್ಕಳು ನಗುತ್ತವೆ. ಅವಕ್ಕೆ ಕಾರಣ ಗೊತ್ತಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ನಾಲ್ಕಾರು ವರ್ಷ ಮೊದಲಿನ ಮಾತು. ಪುಣೆಯ ಸದಾಶಿವ ಪೇಠೆಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ವಾಡೆಯ ಹಿಂಭಾಗದ ಖೋಲಿಗಳನ್ನು ನಾವು ಬಾಡಿಗೆಗೆ ಹಿಡಿದಿದ್ದೆವು. ಮನೆಯಲ್ಲಿ ನಾನು, ನಮ್ಮವರು, ಅತ್ತೆ. ನಮ್ಮವರು ಧಾರವಾಡದಲ್ಲಿ ಓದಿ ಪುಣೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಲು ಬಂದವರು. ಅತ್ತೆ ಬಹಳ ಮಡಿ. ಬೆಳಿಗ್ಗೆ ಸ್ನಾನ ಮುಗಿಸಿ ಮಡಿಸೀರೆ ಉಟ್ಟರೆ ಊಟವಾಗುವ ತನಕ ಸೊಸೆಯ ಸೆರಗು ಸಹ ಅವರಿಗೆ ತಾಗಬಾರದು. ಅಂಥ ಮನೆಗೆ ಒಂದು ಬೇಸಿಗೆ ರಜೆಯಲ್ಲಿ ತತ್ತಿಗಳು ಬಂದವು.

ನಮ್ಮವರು ಆಗ ತತ್ತಿಯೊಳಗೆ ಪಿಂಡ ಬೆಳೆಯುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. ಕಾಲೇಜಿಗೆ ಬೀಗ ಬಿದ್ದ ಮೇಲೆ ಅಲ್ಲಿಯ ಕಾವಿನ ಪೆಟ್ಟಿಗೆಯನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ನಮ್ಮವರು ಪೆಟ್ಟಿಗೆಯನ್ನೇ ಟಾಂಗಾದಲ್ಲಿ ಹಾಕಿಕೊಂಡು ಬಂದರು. ಕಟ್ಟಿಗೆಯ ಪೆಟ್ಟಿಗೆ, ಅದರ ಗೋಡೆಯೊಳಗೆ ನೀರು ತುಂಬುವ ತಗಡು, ಕೆಳಗೆ ಚಿಮಣಿ ಎಣ್ಣೆಯ ದೀಪ.

"ಇದೇನೋ ತಂದಿ?" ಅತ್ತೆ ಅಡಿಗೆಮನೆಯ ಹೊಸ್ತಿಲೊಳಗೆ ನಿಂತೇ ಕೇಳಿದರು.

"ತತ್ತಿಗೆ ಕಾವು ಕೊಡೋ ಪೆಟ್ಟಿಗಿ, ಅವ್ವಾ. ಕೋಳಿ ಮಾಡೋ ಕೆಲಸಾ ದೀಪ ಮಾಡ್ತದ."

"ಹಂಗಾದ್ರ ಕೋಳೀನ ತರಬೇಕಿತ್ತು. ಅದಕ್ಕರೆ ನಾಚಿಕಿ ಇರ್ತದ. ತನ್ನ ತತ್ತೀನ ಬ್ರಾಹ್ಮಣರ ಮನ್ಯಾಗ ತಂದಿಡೂದಿಲ್ಲ."

ಮಗನ ಜೋಡಿ ಕೆಲವು ದಿನ ಮಾತು ಬಿಟ್ಟು, ಕೊನೆಗೆ ಒಪ್ಪಿದರು. ಪೆಟ್ಟಿಗೆ ಹಿತ್ತಲ ಕಟ್ಟಿಗೆ ಖೋಲಿಯಲ್ಲೇ ಇರಬೇಕು, ವಾಡೆಯ ಒಬ್ಬರ ಕಣ್ಣಿಗೂ ಒಂದು ತತ್ತಿ ಬೀಳಬಾರದು. ಬಿದ್ದರೆ ವಾಡೆಯ ಮಾಲಕ ನಮ್ಮ ಸಾಮಾನನ್ನು ಓಣಿಗೆ ಎಸೆಯುವುದರಲ್ಲಿ ಸಂಶಯವಿರಲಿಲ್ಲ. ಅದಕ್ಕಾಗಿ ನಮ್ಮವರು ಕೊಂಢವಾ ಹಳ್ಳಿಯಿಂದ ಪಲ್ಲೆ ಮಾರಲು ಬರುವ ಹೆಂಗಸಿನ ಜೋಡಿ ಮಾತಾಡಿಕೊಂಡರು. ಆಕೆಯ ಬುಟ್ಟಿಯಲ್ಲಿ ಮೇಲೆ ಮೆಂತೇಪಲ್ಲೆ, ನಡುವೆ ಭತ್ತದ ಹುಲ್ಲು, ಅದರ ಕೆಳಗೆ ಆ ಬೆಳಿಗ್ಗೆ ಇಟ್ಟ ತತ್ತಿ. ಓಣಿಯ ತುಂಬ "ಮೇಥೀ ಘ್ಯಾ ಮೇಥೀ" ಎಂದು ಕೂಗುತ್ತ ಬಂದವಳು ನಮ್ಮ ಹಿತ್ತಲ ಬಾಗಿಲಿಗೆ ಬಂದ ಕೂಡಲೇ ದನಿ ಇಳಿಸಿ, "ಬಾಯೀ, ಆಜ್ ಗರಮ್ ಮೇಥೀ ಆಹೆ," ಇವತ್ತು ಬಿಸಿ ಮೆಂತ್ಯ ಅದ, ಎಂದು ಕಣ್ಣು ಮಿಟುಕಿಸುತ್ತಿದ್ದಳು. ನನಗೆ ಬುಟ್ಟಿಯೊಳಗೆ ಕೈ ಹಾಕುವುದೇ ಅಸಹ್ಯ. ಹುಲ್ಲಿನೊಳಗೆ ಬೆರಳಿಗೆ ತಾಗುವ ಆ ನುಣುಪು, ಕೆಲವಕ್ಕೆ ಅಂಟಿಕೊಂಡ ಪುಕ್ಕ, ಕೋಳಿಯ ಹೇಲು. ತಂದ ಮೆಂತ್ಯ ತಿನ್ನಲೇಬೇಕು. ಚೆಲ್ಲಿದರೆ ಸಂಶಯ ಬರುತ್ತದೆ. ಬಾಜೂ ಮನೆಯಾಕೆ ಒಂದು ದಿನ ಮರಾಠಿಯಲ್ಲಿ ಕೇಳಿಯೇಬಿಟ್ಟಳು, ಕಾನಡಿ ಮಂದಿ ನೀವು ಮೆಂತ್ಯದ ಮೇಲೆಯೇ ಬದುಕುತ್ತೀರೇನು ಎಂದು.

ಮುಟ್ಟುವುದಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಾನು ಚಿತ್ರ ಬರೆಯಬೇಕಾಗಿತ್ತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಕಲಿಸುತ್ತಿದ್ದ ಮದರ್ ಚಿತ್ರವನ್ನೂ ಕಲಿಸುತ್ತಿದ್ದರು. ಗೆರೆ ಎಳೆಯಬಾರದು, ಪೆನ್ಸಿಲಿನ ಮೊನೆಯಿಂದ ಚುಕ್ಕಿ ಚುಕ್ಕಿ ಇಟ್ಟು ನೆರಳು ತರಬೇಕು. ಗೊತ್ತಿದ್ದದ್ದನ್ನು ಬರೆಯಬಾರದು, ಕಂಡದ್ದನ್ನು ಬರೆಯಬೇಕು. ಹಾಗೆ ನಾನು ಗುಲಾಬಿ ಬರೆದೆ, ಬಟಾಣಿಯ ಬಳ್ಳಿ ಬರೆದೆ, ಅದನ್ನೇ ದಿಂಬಿನ ಚೀಲದ ಮೇಲೆ ಕಸೂತಿ ಮಾಡಿ ಗಂಡನ ಮನೆಗೆ ತಂದೆ. ಹೆಂಡತಿ ತಂದ ದಿಂಬಿನ ಮೇಲಿನ ಗುಲಾಬಿ ನೋಡಿ ಯಾವ ಗಂಡಸಿಗೆ ಕೋಳಿಯ ಪಿಂಡ ನೆನಪಾಗುತ್ತದೆ? ಇವರಿಗೆ ಆಯಿತು. "ಇಂಥಾ ಕೈ ನಮ್ಮ ಕಾಲೇಜಿನ್ಯಾಗ ಯಾರಿಗೂ ಇಲ್ಲ," ಎಂದರು. ನನಗೆ ಹಿಗ್ಗಾಯಿತು. ಏನು ಬರೆಯುವುದೆಂದು ಆಗ ಹೇಳಿರಲಿಲ್ಲ.

ಕಾವಿನಲ್ಲಿ ಒಂದು ದಿನ ಇಟ್ಟ ತತ್ತಿಯನ್ನು ಪಿಂಗಾಣಿ ಬೋಗುಣಿಯಲ್ಲಿ, ಉಗುರುಬೆಚ್ಚಗಿನ ಉಪ್ಪುನೀರಿನೊಳಗೆ ಒಡೆಯಬೇಕು. ಒಡೆಯುವ ಆ ಸಪ್ಪಳವೇ ನನಗಾಗುತ್ತಿರಲಿಲ್ಲ. ಲೋಳೆ ಎಳೆಎಳೆಯಾಗಿ ಜೋಲುತ್ತ ಬರುವುದು. ಹಳದಿ ಗುಂಡು ನೀರಿನಲ್ಲಿ ತಾನಾಗಿ ಹೊರಳಿ, ಮೇಲಿನ ಮಸುಕು ಬಿಲ್ಲೆಯನ್ನು ನಮಗೆ ತೋರಿಸುವುದು, ಕಣ್ಣು ತಿರುಗಿಸಿ ನೋಡಿದಂತೆ. ಬಿಲ್ಲೆಯ ಸುತ್ತ ಕತ್ತರಿಸಿ, ಚಮಚದಲ್ಲಿ ಎತ್ತಿ, ಗುಂಡು ಗಾಜಿನ ಮೇಲೆ ಬಿಟ್ಟು, ಅಂಟಿದ ಹಳದಿಯನ್ನು ತೊಳೆಯಬೇಕು. ಕತ್ತರಿ ನನ್ನದು, ಕಸೂತಿಗೆ ಬಹುಮಾನವೆಂದು ಮದರ್ ಕೊಟ್ಟದ್ದು, ಕೊಕ್ಕರೆಯ ಕೊಕ್ಕಿನ ಆಕಾರದ್ದು. ಅದರ ತಿರುಗಣಿಯಲ್ಲಿ ಹಳದಿ ಒಣಗಿ ಕೂತದ್ದನ್ನು ಸೂಜಿಯಿಂದ ಕೆರೆದು ತೆಗೆಯುತ್ತಿದ್ದೆ. ನಾನು ಬಲಗೈಯಲ್ಲಿ ಪೆನ್ಸಿಲ್, ಎಡಗೈಯಲ್ಲಿ ಕೊಲೋನ್ ಹಚ್ಚಿದ ಕರವಸ್ತ್ರ ಹಿಡಿದು ಕೂಡುತ್ತಿದ್ದೆ.

"ಹೇಸಿಕಿ ಬರ್ತದ್ರೀ," ಎಂದೆ ಮೊದಲ ದಿನ.

"ಯಾವ ಪದರಿನಿಂದ ಬರ್ತದ, ಹೇಳು ನೋಡೋಣ?"

ಇವರ ಮಾತೇ ಹಾಗೆ, ಮನೆಯಲ್ಲೂ ಪಾಠ. ಆಮೇಲೆ ತಾವೇ ಹೇಳಿದರು: ಬಿಲ್ಲೆಯಲ್ಲಿ ಮೊದಲು ಪದರುಗಳು ಮೂರೇ. ಮೇಲಿನದು ಚರ್ಮವಾಗುತ್ತದೆ, ಅದೇ ಮಿದುಳೂ ನರವೂ ಆಗುತ್ತದೆ. ನಡುವಿನದು ರಕ್ತ, ಎಲುಬು, ಮಾಂಸ, ಹೃದಯ. ಕೆಳಗಿನದು ಕರುಳು, ಪುಪ್ಪುಸ. "ನಿನ್ನ ಹೇಸಿಕಿ ಹುಟ್ಟೋದು ಮ್ಯಾಲಿನ ಪದರಿನ್ಯಾಗ, ಹೊರಗ ಬೀಳೋದು ಕೆಳಗಿನ ಪದರಿನಿಂದ. ನಡುವಿಂದು ಪಾಪ, ಸುಮ್ಮನ ಬಡಕೋತದ."

ಚರ್ಮವೂ ಮಿದುಳೂ ಒಂದೇ ಪದರಿನವು ಎಂಬುದು ನನಗೆ ಕೂಡಲೇ ಖರೆ ಅನಿಸಿತು. ನಮ್ಮ ಮನೆಯಲ್ಲಿ ವಿಚಾರ ಮಾಡುವ ಕೆಲಸವೆಲ್ಲ ಚರ್ಮದ್ದೇ ಆಗಿತ್ತು. ಯಾರು ಯಾರಿಗೆ ತಾಗಿದರು, ಯಾವ ಪಾತ್ರೆ ಯಾವ ಪಾತ್ರೆಗೆ ಹತ್ತಿತು, ಅದರ ಮೇಲೆ ದಿನದ ಎಲ್ಲ ತೀರ್ಮಾನ.

ಆದರೆ ನಮ್ಮವರ ತಲೆಯಲ್ಲಿದ್ದ ಪ್ರಶ್ನೆ ಬೇರೆ. ಎಲ್ಲ ಒಂದೇ ಥರದ ಕೋಶಗಳು. ಬಿಲ್ಲೆಯ ನಡುವೆ ಒಂದು ಗೀರು ಮೂಡುತ್ತದೆ. ಮೇಲಿನ ಕೋಶಗಳು ಆ ಗೀರಿನೊಳಗೆ ಇಳಿದು ಕೆಳಗೆ ಹಬ್ಬುತ್ತವೆ, ಹಾಗೆ ಪದರುಗಳು ಆಗುತ್ತವೆ. ನೀನು ರಕ್ತವಾಗು, ನೀನು ಕರುಳಾಗು ಎಂದು ಅವಕ್ಕೆ ಹೇಳುವವರು ಯಾರು? "ಬಾಜೂದವರು," ಎನ್ನುತ್ತಿದ್ದರು ಇವರು. "ಒಂದು ಕೋಶ ಬಾಜೂದ ಕೋಶಕ್ಕ ಹೇಳ್ತದ. ಹೇಳೂದಕ್ಕೂ ಒಂದು ಹೊತ್ತು ಅದ, ಕೇಳೂದಕ್ಕೂ ಒಂದು ಹೊತ್ತು ಅದ. ಹೊತ್ತು ಮೀರಿತಂದ್ರ ಎಷ್ಟ ಒದರಿದ್ರೂ ಕೇಳಸೂದಿಲ್ಲ."

ಇದು ನನಗೆ ವಾಡೆಯ ನಲ್ಲಿಯಿಂದ ತಿಳಿಯಿತು. ಬೆಳಗಿನ ಜಾವ ನೀರು ಬಂತೆಂದರೆ ನಲ್ಲಿಯ ಹತ್ತಿರದಾಕೆ "ಪಾಣೀ ಆಲಂ" ಎಂದು ಕೂಗುವಳು; ಅದನ್ನು ಕೇಳಿದಾಕೆ ಮುಂದಿನ ಬಾಗಿಲಿಗೆ ಕೂಗುವಳು. ಮಾತು ಒಂದೇ. ಕೇಳಿ ಒಬ್ಬಳು ಹಂಡೆ ತರುತ್ತಾಳೆ, ಒಬ್ಬಳು ಕೊಡ, ಒಬ್ಬಳು ತೊಳೆಯುವ ಅರಿವೆ. ಮಾತು ಹಾದುಹೋಗುವಾಗ ಯಾರ ಮನೆಯಲ್ಲಿ ನಿದ್ದೆಯೋ ಅವರ ಪಾತ್ರೆ ಆ ದಿನವೆಲ್ಲ ಖಾಲಿ.

ಗೀರಿನ ತುದಿಗೆ ಒಂದು ಸಣ್ಣ ಗಂಟು ಇರುತ್ತದೆ. ಅಲ್ಲಿಂದ ಕೆಳಗಿಳಿದ ಪದರು ಮೇಲಿನ ಪದರಿಗೆ ನೀನು ಮಿದುಳಾಗು ಎಂದು ಹೇಳುತ್ತದಂತೆ. ಹೇಳಿದ ಜಾಗದಲ್ಲಿ ಒಂದು ಕಾಲುವೆ ತೆರೆದು, ಅದರ ಎರಡೂ ದಂಡೆ ಎದ್ದು ಬಂದು ಕೂಡಿ ಕೊಳವೆಯಾಗುತ್ತದೆ. ಅದೇ ಮಿದುಳು, ಅದೇ ಬೆನ್ನಿನ ಹುರಿ. ನಮ್ಮವರು ಒಂದು ತತ್ತಿಯ ಗಂಟನ್ನು ಚೂರು ತೆಗೆದು ಇನ್ನೊಂದು ತತ್ತಿಗೆ ಕಿಟಕಿ ಕೊರೆದು ಒಳಗೆ ಸೇರಿಸಿ, ಮೇಣ ಹಚ್ಚಿ ಮತ್ತೆ ಕಾವಿಗೆ ಇಡುತ್ತಿದ್ದರು. ಬಹಳಷ್ಟು ಕೊಳೆಯುತ್ತಿದ್ದವು. ಆ ನಾತಕ್ಕೆ ಕೊಲೋನ್ ಏನು ಮಾಡೀತು? ಒಂದೇ ಒಂದರಲ್ಲಿ ಚೂರು ಇಟ್ಟ ಕಡೆ ಎರಡನೆಯ ಕಾಲುವೆ ತೆರೆದಿತ್ತು. ಇವರು ಕುಣಿದಾಡುವುದೊಂದು ಬಾಕಿ. ಒಂದು ಮೈಗೆ ಎರಡು ಬೆನ್ನು ಬರೆಯುವಾಗ ನನ್ನ ಬಾಯಲ್ಲಿ ನೀರು ಬರುತ್ತಿತ್ತು, ವಾಂತಿಗೆ ಮುಂಚೆ ಬರುತ್ತದಲ್ಲ, ಆ ನೀರು. ಬೇರೆ ದೇಶದವರು ಆ ಚೂರನ್ನು ಕುದಿಸಿ ಕೊಂದು ಇಟ್ಟರೂ ಅದು ಹೇಳುವ ಮಾತು ಹೇಳಿತಂತೆ. ಅದನ್ನೂ ನೋಡಿಬಿಡೋಣವೆಂದು ಇವರು ಇದ್ದಿಲಿನ ಶೇಗಡಿಯ ಮೇಲೆ ನನ್ನ ಚಹಾದ ಚಮಚದಲ್ಲೇ ಕುದಿಸಿದರು. ಆ ಚಮಚವನ್ನು ನಾನು ಮತ್ತೆ ಒಳಗೆ ತರಲಿಲ್ಲ.

ಈ ನಡುವೆ ನಾದಿನಿ ಮೊದಲ ಹೆರಿಗೆಗೆಂದು ತವರಿಗೆ ಬಂದಳು. ಹುಬ್ಬಳ್ಳಿಯ ಕಾಳುಕಡಿಯ ಅಡತಿ ಅಂಗಡಿಯವರ ಮನೆಗೆ ಕೊಟ್ಟಿತ್ತು. ಆಗಲೇ ಏಳು ತಿಂಗಳು ತುಂಬಿತ್ತು. ಅತ್ತೆ ಆಕೆಗೆ ಹಿತ್ತಲ ಕಡೆ ಹೋಗಬಾರದೆಂದು ಕಟ್ಟಪ್ಪಣೆ ಮಾಡಿದರು. ಅವಳು ಬಾಗಿಲಲ್ಲಿ ನಿಂತು, "ವೈನಿ, ಇವತ್ತ ಎಷ್ಟ ಕೋಳಿ ಹಡದೀರಿ?" ಎಂದು ಅತ್ತಿಗೆಯಾದ ನನ್ನನ್ನು ನಗಿಸುತ್ತಿದ್ದಳು. ಗಂಡನ ಮಾತು ಬಂದರೆ ಮುಖ ಕೆಂಪಾಗುತ್ತಿತ್ತು. ಅವನು ಒಳ್ಳೆಯವನು, ಅಂಗಡಿಯಿಂದ ಬರುವಾಗ ಧೋತರದ ಚುಂಗಿನಲ್ಲಿ ಯಾರಿಗೂ ಕಾಣದ ಹಾಗೆ ಪೇಢೆ ತರುತ್ತಾನೆ ಎಂದು ನನಗೊಬ್ಬಳಿಗೇ ಹೇಳಿದ್ದಳು.

ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಗಂಡು. ತಲೆಯ ಮೇಲ್ಭಾಗ ಇರಲಿಲ್ಲ. ಹುಬ್ಬಿನ ಮೇಲೆ ಬುರುಡೆಯೇ ಮುಚ್ಚಿರಲಿಲ್ಲ. ಸ್ವಲ್ಪ ಹೊತ್ತು ಉಸಿರಾಡಿತು. ನರ್ಸಬಾಯಿ ಅದನ್ನು ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು, ನಾನು ನಮ್ಮವರ ಕೈಗೆ ಕೊಟ್ಟೆ. ಹೆತ್ತವಳಿಗೆ ತೋರಿಸಬಾರದೆಂದರು. ನಮ್ಮವರು ಹೋಗಿ ಮಣ್ಣು ಮಾಡಿ ಬಂದರು. ನನಗೆ ಆ ಹೊತ್ತಿನಲ್ಲಿ ಹೇಸಿಕೆ ಬರಲಿಲ್ಲ. ಬಂದದ್ದು ಮರುದಿನದಿಂದ. ವಾಡೆಯ ಹೆಂಗಸರು ಉಪ್ಪಿನಕಾಯಿ ಕೊಡುವ ನೆಪದಲ್ಲಿ ಬಂದು, ದನಿ ತಗ್ಗಿಸಿ, ಕಪ್ಪೆಯ ಹಾಗಿತ್ತಂತಲ್ಲ, ಕಣ್ಣು ಮೇಲಿದ್ದವಂತಲ್ಲ ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕಾಗಿ ತುಟಿ ಸವರಿಕೊಳ್ಳುತ್ತಿದ್ದರು. ಒಳಗೆ ನಾದಿನಿಗೆ ಹಾಲು ಬಂದಿತ್ತು. ಅದು ಬತ್ತಲೆಂದು ಅತ್ತೆ ಎದೆಗೆ ಮಲ್ಲಿಗೆ ಹೂ ಇಟ್ಟು ಅರಿವೆ ಬಿಗಿದಿದ್ದರು. ಹುಳಿತ ಹಾಲು, ಬಾಡಿದ ಮಲ್ಲಿಗೆ, ಎರಡೂ ಕೂಡಿದ ವಾಸನೆ ಆ ಖೋಲಿಯ ತುಂಬ. ಅದರ ಮುಂದೆ ಕಟ್ಟಿಗೆ ಖೋಲಿಯೇ ವಾಸಿ ಅನಿಸುತ್ತಿತ್ತು.

ಸುದ್ದಿ ತಿಳಿದು ಹುಬ್ಬಳ್ಳಿಯಿಂದ ಬೀಗತಿ, ನಾದಿನಿಯ ಅತ್ತೆ, ಬಂದರು. ಮೊದಲೆರಡು ದಿನ ಚೆನ್ನಾಗಿಯೇ ಇದ್ದರು. ಸೊಸೆಯ ತಲೆ ಸವರಿದರು, ಅತ್ತರು. ಪುರುಡು ಕಳೆದ ಮೇಲೆ ಮುಂಜಾನೆ ಸ್ನಾನ ಮಾಡಿ, ಮಡಿ ಉಟ್ಟು, ಸುಮ್ಮನೆ ಕೂಡಲಾರದೆ ಹಿತ್ತಲ ಕಟ್ಟೆಯ ಮೇಲೆ ಮೆಂತ್ಯದ ಬುಟ್ಟಿ ಎಳೆದುಕೊಂಡರು. ಪಲ್ಲೆಯಾಕೆ ಆಗಷ್ಟೇ ಇಳಿಸಿ ನೀರು ಕುಡಿಯಲು ಹೋಗಿದ್ದಳು. "ನೀವು ಬಿಡ್ರಿ, ನಾ ಸೋಸ್ತೀನಿ," ಎಂದು ನಾನು ಓಡುವುದರೊಳಗೆ ಅವರು ಕೈ ಹಾಕಿಯಾಗಿತ್ತು. ಎಳೆಯ ಕಟ್ಟು ಕೆಳಗಿರುತ್ತದೆಂದು ಒಳಗೆ ಒತ್ತಿ ಹಾಕಿದ ಕೈ. ಹೊರಗೆ ಬಂದಾಗ ಮುಂಗೈ ತನಕ ಹಳದಿ ಇಳಿಯುತ್ತಿತ್ತು, ಬಳೆಗಳ ನಡುವೆ ಲೋಳೆ, ಲೋಳೆಗೆ ಅಂಟಿದ ಮೆಂತ್ಯದ ಎಲೆ.

ಅವರು ಕೂಗಲಿಲ್ಲ. ಕೈಯನ್ನು ಮೈಯಿಂದ ದೂರ ಹಿಡಿದು ಅದನ್ನೇ ನೋಡುತ್ತ ನಿಂತರು. ಆಮೇಲೆ ಹುಣಸೆಹಣ್ಣು, ಬೂದಿ, ಸಗಣಿ ಹಚ್ಚಿ ತಿಕ್ಕಿದರು, ತಲೆಯ ಮೇಲೆ ಕೊಡಗಟ್ಟಲೆ ನೀರು ಹೊಯ್ದುಕೊಂಡರು. ಹೊರಗೆ ಬಂದು, ತತ್ತಿ ಯಾಕೆ ಬರುತ್ತವೆಂದು ನನ್ನ ಬಾಯಿಂದ ಬಿಡಿಸಿಕೊಂಡು, ಅತ್ತೆಗೆ ಕೇಳಿದರು:

"ಬೀಗ್ತಿಯವರ, ಇದ ಮನ್ಯಾಗ ನನ್ನ ಸೊಸಿ ಇದ್ದಳೇನ್ರಿ ಬಸುರಾಗಿ?"

ವಾಡೆಯವರಿಗೆ ಕೇಳಿಸದಿರಲೆಂದು ಅತ್ತೆ ಹಿತ್ತಲ ಬಾಗಿಲು ಮುಚ್ಚಿದರು.

"ದಿನಾ ಪಿಂಡಾ ಒಡದು ನೋಡೋ ಮನ್ಯಾಗ ಪಿಂಡ ನಿಲ್ಲತದೇನ್ರಿ? ನಾ ಆಕಿ ಹೊಟ್ಟೀನ ಬೈಕೋತ ಬಂದೆ. ಈಗ ಗೊತ್ತಾತು ನೋಡ್ರಿ."

ಅವರ ಕರಾರು ಹೀಗಿತ್ತು: ತತ್ತಿಯೆಲ್ಲ ಮನೆಯಿಂದ ಹೊರಗೆ ಹೋಗಬೇಕು. ತತ್ತಿಯಿಂದಲೇ ಆಯಿತೆಂದು ನಮ್ಮವರು ತಮ್ಮ ಬಾಯಿಂದ ಹೇಳಬೇಕು. ಸೊಸೆ ಪಂಚಗವ್ಯ ತೆಗೆದುಕೊಂಡು ಶುದ್ಧವಾಗಬೇಕು. ಹಾಗಾದರೆ ಮಾತ್ರ ಕರೆದುಕೊಂಡು ಹೋಗುತ್ತಾರೆ. ಇಲ್ಲವೆಂದರೆ ದೋಷ ತತ್ತಿಯದಲ್ಲ, ಆಕೆಯ ಹೊಟ್ಟೆಯದು ಎಂದಾಯಿತು. ತಮ್ಮ ಮಗನಿಗೆ ಹೆಣ್ಣು ಕೊಡುವವರು ಇನ್ನೂ ಇದ್ದಾರೆ.

ಅಡಿಗೆಮನೆಯಲ್ಲಿ ತಾಯಿ ಮಗನ ಜಗಳ.

"ಹೂಂ ಅಂದುಬಿಡು."

"ಸುಳ್ಳ ಹ್ಯಾಂಗ ಹೇಳ್ಲಿ ಅವ್ವಾ? ತತ್ತಿ ಏನೂ ಮಾಡಿಲ್ಲ."

"ತತ್ತಿಗೇನು ಮಾನಾ ಮರ್ಯಾದಿ ಅದೇನೋ? ಅದರ ಮ್ಯಾಲ ಒಂದ ತಪ್ಪ ಹಾಕಿದ್ರ ಅದು ಅಳ್ತದೇನು? ನನ್ನ ಮಗಳು ಅಳಾಕತ್ತಾಳ."

"ನಾ ಅವರಿಗೆ ತಿಳಿಸಿ ಹೇಳ್ತೀನಿ. ಅವರೂ ಮನುಷ್ಯಾರ."

ಹಾಗೆಂದು ನಾನು ಬರೆದ ಚಿತ್ರಗಳನ್ನು ತಂದು ಬೀಗತಿಯ ಮುಂದೆ ಚಾಪೆಯ ಮೇಲೆ ಹರಡಿದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈ ಮುದುಡಿತು. ನನ್ನ ಒಳಗಿನ ಅರಿವೆಗಳನ್ನು ಹರಡಿದಂತೆ. ಮೂರು ಪದರು, ಗೀರು, ಗಂಟು, ಕಾಲುವೆ, ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. ಮನುಷ್ಯರಲ್ಲೂ ಹೀಗೇ. ಈ ಕಾಲುವೆ ತಲೆಯ ಕಡೆ ಮುಚ್ಚಲಿಲ್ಲವೆಂದರೆ ಬುರುಡೆ ಬೆಳೆಯುವುದಿಲ್ಲ. ಮುಚ್ಚುವುದಿದ್ದರೆ ಮೊದಲ ತಿಂಗಳು ತುಂಬುವುದರೊಳಗೇ ಮುಚ್ಚಬೇಕು. ತಂಗಿ ಇಲ್ಲಿಗೆ ಬಂದದ್ದು ಏಳು ತುಂಬಿದ ಮೇಲೆ. ಅಂದಮೇಲೆ ಈ ತತ್ತಿಗೂ ಅದಕ್ಕೂ ಸಂಬಂಧವೇ ಇಲ್ಲ.

ಬೀಗತಿ ಲಕ್ಷ್ಯಕೊಟ್ಟು ಕೇಳಿದರು. ಬುದ್ಧಿವಂತ ಹೆಂಗಸು.

"ಮೊದಲನೇ ತಿಂಗಳ ಆಕಿ ಎಲ್ಲಿದ್ದಳ್ರಿ?"

ಮಾತು ಎಲ್ಲಿಗೆ ಹೋಗಿ ನಿಂತಿತೆಂದು ನಮ್ಮವರಿಗೆ ಆಗ ತಿಳಿಯಿತು. ಬೆರಳು ಕಾಗದದ ಮೇಲೆಯೇ ನಿಂತಿತು. "ಹುಬ್ಬಳ್ಳ್ಯಾಗ," ಎಂದರು.

"ಅಂದ್ರ ನಮ್ಮ ಮನಿ ಅನ್ನಾ ತಿಂದು ಹಿಂಗಾತು ಅಂತೀರಿ."

"ನಾ ಹಂಗ ಅಂದಿಲ್ರಿ."

"ಬಾಯೀಲೆ ಅಂದಿಲ್ರಿ. ಚಿತ್ರಾ ಬರಿಸಿಟ್ಟೀರಿ."

ಎದ್ದು ಹೋಗಿ ತಮ್ಮ ಟ್ರಂಕಿಗೆ ಸೀರೆ ಮಡಚಿ ಇಡತೊಡಗಿದರು. ನಾಳೆಯ ಗಾಡಿಗೆ ಹೋಗುತ್ತೇನೆ ಎಂದರು, ಸೊಸೆಯನ್ನು ಬಿಟ್ಟು ಒಬ್ಬರೇ. ಅತ್ತೆ ಮಗನ ಕಡೆ ನೋಡದೆ ಹೇಳಿದರು: "ಖರೇ ಹೇಳಿ ನೀ ಗೆದ್ದೆಪ್ಪಾ."

ನನಗೆ ಯಾರನ್ನು ಕಂಡರೂ ಓಕರಿಕೆ. ಬೀಗತಿ ಕೂಸನ್ನು 'ಪಿಂಡ' ಎನ್ನುತ್ತಿದ್ದರು, ಒಡೆದ ತತ್ತಿಗೆ ಅಂದ ಹಾಗೆ. ನಮ್ಮವರೂ ಕಡಿಮೆಯಲ್ಲ. ತಂಗಿಯ ಕೂಸಿನ ತಲೆಯ ಮಾತು ಹೇಳುವಾಗ ಆ ದನಿಯಲ್ಲಿ ತರಗತಿಯ ಉಮೇದು ಇತ್ತು. ದೋಷ ಯಾರ ಮನೆಯದು ಎಂದು ಇಬ್ಬರೂ ಅಳೆದು ಅಳೆದು ದಬ್ಬಾಡಿದರು. ಒಳಗೆ ಎದೆ ಬಿಗಿದುಕೊಂಡು ಮಲಗಿದ್ದವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನಾನು ಕಟ್ಟಿಗೆ ಖೋಲಿಯಲ್ಲಿ ದೀಪದ ಬತ್ತಿ ನೋಡುತ್ತಿದ್ದೆ. ನಾದಿನಿ ಬಂದಳು. ಅವಳಿಗಿಂತ ಮುಂಚೆ ಆ ಬಾಡಿದ ಮಲ್ಲಿಗೆಯ ವಾಸನೆ ಬಂತು.

"ವೈನಿ, ನನ್ನ ಕೂಸಿನ್ನ ನೀವು ನೋಡೀರಿ?"

"ನೋಡೇನಿ ತಂಗೀ."

"ನನಗ ಯಾರೂ ತೋರಿಸಲಿಲ್ಲ. ಹ್ಯಾಂಗಿತ್ತು?"

"ಕೈ ಕಾಲು ಛಲೋ ಇದ್ದೂ. ಉಗುರು ಇದ್ದೂ. ಬಾಯಿ ಥೇಟ್ ನಿನ್ನಂಥಾದ್ದು."

"ತಲಿ?"

ತೋರಿಸಬೇಕೆಂದರೆ ಚಿತ್ರಗಳು ಚಾಪೆಯ ಮೇಲಿಂದ ಎಲ್ಲಿ ಹೋದವೋ. ಪೆಟ್ಟಿಗೆ ತೆರೆದು ಒಂದು ದಿನ ದಾಟಿದ ತತ್ತಿ ತೆಗೆದೆ. ಅದುವರೆಗೆ ನನ್ನ ಕೈಯಿಂದ ಒಂದನ್ನೂ ಒಡೆದಿರಲಿಲ್ಲ. ಬೋಗುಣಿಯಲ್ಲಿ ಒಡೆದಾಗ ಲೋಳೆ ಬೆರಳಿಗೆ ಸುತ್ತಿಕೊಂಡಿತು. ಹಲ್ಲು ಕಚ್ಚಿ ಹಿಡಿದೆ. ಹಳದಿ ಹೊರಳಿ ಬಿಲ್ಲೆ ಮೇಲೆ ಬಂತು. ಅದರಲ್ಲಿ ಕಾಲುವೆ, ಅಕ್ಕಿಕಾಳಿಗಿಂತ ಉದ್ದವಿಲ್ಲ. ಅವಳಿಗೆ ಇವರ ಭೂತಗನ್ನಡಿ ಕೊಟ್ಟು ಸೂಜಿಯ ಮೊನೆಯಿಂದ ತೋರಿಸಿದೆ.

"ಈ ಎರಡು ಅಂಚು ಕೂಡಬೇಕು, ಅರಿವೀ ಅಂಚು ಕೂಡಿಸಿ ಹೊಲದಂಗ. ನಿನ್ನ ಕೂಸಿಂದು ಇಲ್ಲೆ, ತಲೀ ಕಡೆ, ಕೂಡಲಿಲ್ಲ."

"ಇಷ್ಟನ?"

"ಇಷ್ಟ."

"ಯಾಕ ಕೂಡಲಿಲ್ಲ?"

"ಪಾಣೀ ಆಲಂ ಅಂತ ಒದರ್ತಾರಲ್ಲ, ಹಂಗ ಇವೂ ಒಂದಕ್ಕೊಂದು ಹೇಳ್ತಾವಂತ. ಯಾವುದೋ ಒಂದು ಹೇಳಲಿಲ್ಲೋ, ಯಾವುದೋ ಒಂದಕ್ಕ ಕೇಳಲಿಲ್ಲೋ, ಕೇಳಿನೂ ಮುಚ್ಚಲಿಕ್ಕೆ ಆಗಲಿಲ್ಲೋ. ನಿಮ್ಮಣ್ಣಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

"ಆವಾಗ ನಾ ಏನು ಮಾಡಲಿಕ್ಕೆ ಹತ್ತಿದ್ದೆ ವೈನಿ?"

"ಆವಾಗ ನಿನಗ ಬಸಿರು ಅನ್ನೂದ ಗೊತ್ತಿರಲಿಲ್ಲ."

ಅವಳು ಕನ್ನಡಿಯನ್ನು ಕಣ್ಣಿನಿಂದ ತೆಗೆಯಲೇ ಇಲ್ಲ. ಆ ಬಿಲ್ಲೆ ನೀರಿನಲ್ಲಿ ತಣ್ಣಗಾಗುತ್ತ ಬರುತ್ತಿತ್ತು, ಅಂಚು ಮುರುಟುತ್ತಿತ್ತು. ನಾನು ಬೋಗುಣಿ ಹಿಡಿದೇ ನಿಂತಿದ್ದೆ.

"ಮುಂದಿಂದು?" ಎಂದಳು.

"ಛಲೋ ಆಗ್ತದ ಅಂತ ಹೇಳಬಹುದು. ಆಗೇ ಆಗ್ತದ ಅಂತ ಹೇಳಲಿಕ್ಕೆ ಬರೂದಿಲ್ಲ."

ಅವಳು ಕನ್ನಡಿ ಕೆಳಗಿಟ್ಟಳು. ಕಣ್ಣು ಒರೆಸಿಕೊಂಡಳು. "ಅಣ್ಣಗ ಹೇಳ್ರಿ, ತತ್ತಿಯಿಂದನ ಆತು ಅಂತ ಹೇಳಿಬಿಡಂತ. ಖರೇ ಏನದ ಅಂತ ನನಗ ಗೊತ್ತಾತಲ್ಲ, ಸಾಕು. ನಾ ನಮ್ಮ ಮನಿಗೆ ಹೋಗಬೇಕು ವೈನಿ. ಅವರು ದಾರಿ ನೋಡ್ತಿರ್ತಾರ."

ನಮ್ಮವರಿಗೆ ನಾನೇ ಹೇಳಿದೆ. ಅವರು ಹೋಗಿ ಬೀಗತಿಯ ಟ್ರಂಕಿನ ಮುಂದೆ ನಿಂತು, "ತತ್ತಿಯಿಂದನ ಆತ್ರಿ," ಎಂದರು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗೆ ಹೆಸರಿನ ಚೀಟಿ ಅಂಟಿಸುವಾಗ ಓದಿ ಹೇಳುವ ದನಿ.

"ನೋಡ್ರಿ, ಓದಿದವರ ಬಾಯೀಲೆನ ಬಂತು," ಎಂದರು ಬೀಗತಿ. ಮುಖ ಎಷ್ಟು ತೃಪ್ತವಾಗಿತ್ತೆಂದರೆ ನನಗೆ ಎದುರಿಗೆ ನಿಲ್ಲಲಾಗಲಿಲ್ಲ.

ಮರುದಿನ ಬೆಳಿಗ್ಗೆ ಭಟ್ಟರು ಬಂದರು. ಹಾಲು, ಮೊಸರು, ತುಪ್ಪ, ಗೋಮೂತ್ರ, ಸಗಣಿ. ಪಂಚಗವ್ಯ ನನಗೆ ಹೊಸದಲ್ಲ, ಶ್ರಾವಣದಲ್ಲಿ ನಾನೂ ಅಂಗೈಯೊಡ್ಡಿ ತೆಗೆದುಕೊಂಡವಳೇ, ಮುಖ ಸಿಂಡರಿಸದೆ. ಆದರೆ ಅಂದು ಬೀಗತಿ, ಸ್ವಲ್ಪಕ್ಕೆ ಹೋಗುವ ದೋಷವಲ್ಲ ಇದು ಎಂದು, ಬಟ್ಟಲು ತುಂಬ ಹಾಕಿಸಿದರು. ನಾದಿನಿಯ ಕುಪ್ಪಸದ ಮುಂಭಾಗ ಹಾಲಿನಿಂದ ತೊಯ್ದಿತ್ತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ಒಮ್ಮೆ ನೋಡಿ, ನಿಲ್ಲಿಸದೆ ಕುಡಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ತುಟಿಯ ಮೇಲೆ ಹಸಿರು ಉಳಿದಿತ್ತು. "ನನ್ನ ಬಂಗಾರ," ಎಂದು ಬೀಗತಿ ಅದನ್ನು ತಮ್ಮ ಸೆರಗಿನಿಂದಲೇ ಒರೆಸಿದರು, ಮಡಿಯ ಸೆರಗಿನಿಂದ. ನಾನು ಬಚ್ಚಲಿಗೆ ಓಡಿದೆ. ಯಾವ ಪದರಿನಿಂದ ಬಂತೆಂದು ಅಂದು ಯಾರೂ ಕೇಳಲಿಲ್ಲ.

ಉಡಿ ತುಂಬಿಸಿಕೊಂಡು ಟಾಂಗಾ ಹತ್ತುವಾಗ ನನ್ನ ಕಿವಿಯಲ್ಲಿ ಹೇಳಿದಳು: "ವೈನಿ, ರುಚಿ ಮಾತ್ರ ಕೇಳಬ್ಯಾಡ್ರಿ."

ಕಾವಿಗಿಟ್ಟ ತತ್ತಿಗಳನ್ನು ನಮ್ಮವರು ಹಿತ್ತಲಲ್ಲಿ ಹೂತರು. ಪೆಟ್ಟಿಗೆ ತಿರುಗಿ ಕಾಲೇಜಿಗೆ ಹೋಯಿತು. ಅತ್ತೆ ಕಟ್ಟಿಗೆ ಖೋಲಿಯನ್ನು ಸಾರಿಸಿ ಸಾರಿಸಿ ನೆಲವೇ ಎತ್ತರವಾಯಿತು. ನನ್ನ ಕತ್ತರಿಯನ್ನು ಕುದಿಸಿದೆ, ಉಜ್ಜಿದೆ, ಆದರೂ ಅದರಿಂದ ಮತ್ತೆ ಕಸೂತಿಯ ದಾರ ಕತ್ತರಿಸಲು ಮನಸ್ಸಾಗಲಿಲ್ಲ. ಕೊಂಢವಾದಾಕೆ ಬರುವುದನ್ನು ಬಿಡಲಿಲ್ಲ. ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಳಿಸಿ, ಮುಖ ಸಣ್ಣ ಮಾಡಿ, "ಆತಾ ಥಂಡ್ ಮೇಥೀ," ಈಗ ತಣ್ಣನೆಯ ಮೆಂತ್ಯ, ಎನ್ನುತ್ತಿದ್ದಳು.

ಮರುವರ್ಷ ಕಳೆದ ಮೇಲೆ ಹುಬ್ಬಳ್ಳಿಯಲ್ಲಿ ತೊಟ್ಟಿಲು. ಎರಡನೆಯ ಹೆರಿಗೆಗೆ ಅವಳನ್ನು ತವರಿಗೆ ಕಳಿಸಿರಲಿಲ್ಲ. ನಾವೇ ಹೋದೆವು. ಪಡಸಾಲೆಯಲ್ಲಿ ಬೀಗತಿ ಬಂದ ಮುತ್ತೈದೆಯರಿಗೆಲ್ಲ ಪುಣೆಯ ತತ್ತಿಯ ಕಥೆ ಹೇಳುತ್ತಿದ್ದರು. ತಾವು ಕಂಡುಹಿಡಿಯದಿದ್ದರೆ ಈ ಕೂಸು ಎಲ್ಲಿತ್ತು? ಹೇಳುವಾಗ ಮುಂಗೈ ಎತ್ತಿ ಹಳದಿ ಎಲ್ಲಿತನಕ ಇಳಿದಿತ್ತೆಂದು ತೋರಿಸುತ್ತಿದ್ದರು. ಕೇಳಿದವರು ಛೀ ಛೀ ಎಂದು ಆಮೇಲೆ ಮತ್ತೆ ಕೇಳುತ್ತಿದ್ದರು.

ನಾದಿನಿ ಒಳಗಿನ ಖೋಲಿಯಲ್ಲಿ ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದಳು. ಹೆಣ್ಣು ಕೂಸು, ತುಂಬ ಕೂದಲು.

"ವೈನಿ, ಬೆರಳ ಕೊಡ್ರಿ."

ನನ್ನ ತೋರುಬೆರಳನ್ನು ಹಿಡಿದು ಕೂಸಿನ ಬೆನ್ನ ಕೆಳಗಿನಿಂದ ಮೇಲಕ್ಕೆ, ಹುರಿಯ ಮೇಲೆ, ಹೆಡಕಿನ ಮೇಲೆ, ತಲೆಯ ಹಿಂಭಾಗದ ಮೇಲೆ ನಿಧಾನ ಎಳೆದಳು, ಹೊಲಿಗೆ ಸರಿಯಾಗಿ ಕೂತಿದೆಯೋ ಎಂದು ನೋಡುವ ಹಾಗೆ.

"ಕೂಡೇದಲ್ಲ?"

"ಕೂಡೇದ."

ಬೆರಳು ನೆತ್ತಿಗೆ ಬಂದಿತ್ತು. ಅಲ್ಲಿ ಮೆತ್ತಗೆ, ಚರ್ಮದ ಕೆಳಗೆ, ಟುಕ್ ಟುಕ್ ಎಂದು ಬಡಿಯುತ್ತಿತ್ತು. ಎರಡನೆಯ ದಿನದ ತತ್ತಿಯಲ್ಲಿ ಹೃದಯವೆಂಬ ಕೆಂಪು ಚುಕ್ಕೆ ಬಡಿಯುತ್ತಿದ್ದ ಹಾಗೆಯೇ. ಎಲ್ಲ ಕೂಸುಗಳ ನೆತ್ತಿಯೂ ಹಾಗೇ ಬಡಿಯುತ್ತದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೆರಳು ತಾನಾಗಿ ಹಿಂದಕ್ಕೆ ಬಂತು.

ಅವಳು ನೋಡಿಬಿಟ್ಟಳು. "ಹೇಸಿಕಿ ಬಂತೇನ್ರಿ?"

"ಹೂಂ," ಎಂದೆ. ಅವಳ ಮುಂದೆ ಸುಳ್ಳೇಕೆ.

ಅವಳು ನಕ್ಕಳು. ನಕ್ಕು, ನನ್ನ ಬೆರಳನ್ನು ಮತ್ತೆ ಹಿಡಿದು ಅದೇ ಜಾಗದಲ್ಲಿ ಇಟ್ಟು, ಮೇಲೆ ತನ್ನ ಅಂಗೈ ಮುಚ್ಚಿ ಹಿಡಿದಳು. ಹೊರಗಿನಿಂದ ಎಲೆ ಹಾಕೇವಿ ಬರ್ರಿ ಎಂದು ಬೀಗತಿ ಕರೆಯುವ ತನಕ ಬಿಡಲಿಲ್ಲ. ನಾನು ಹೋಗಿ ಕೈ ತೊಳೆದು ಕೂತೆ. ಎಲೆಯ ಬಲಗಡೆ ಮೆಂತೇಪಲ್ಲೆ ಬಡಿಸಿತ್ತು.